ಪರದೇಶದ ಪಾಠಶಾಲೆಗೆ ಹೊರಡುವ ಮುನ್ನ

ನಮ್ಮ ಕಾಲೇಜಿನ ಅಂತಿಮ ಬಿ.ಎ. ತರಗತಿಯ ಹುಡುಗಿಯೊಬ್ಬಳು ಮಕ್ಕಳಿಗೆ ಪಾಠ ಹೇಳುವುದಕ್ಕೆಂದು ನೇಪಾಳಕ್ಕೆ ಹೊರಟಿದ್ದಾಳೆಂಬ ಸುದ್ದಿ ಕಳೆದ ದೀಪಾವಳಿಯ ಹೊತ್ತಿಗೆ ಹೇಗೋ ಹಬ್ಬಿಬಿಟ್ಟಿತು. ಆ ಹುಡುಗಿ ನಾನೇ. ಅಂದಿನಿಂದ ನನಗೆ ಬಂದ ಸಲಹೆಗಳನ್ನೆಲ್ಲ ಬರೆದಿಟ್ಟಿದ್ದರೆ ಈ ಸಂಚಿಕೆಯ ಪುಟಗಳು ಸಾಲುತ್ತಿರಲಿಲ್ಲ. ದಪ್ಪನೆಯ ಸ್ವೆಟರ್ ಬೇಕೆಂದು ಒಬ್ಬರು, ಚಟ್ನಿಪುಡಿ ಮರೆಯಬೇಡವೆಂದು ಇನ್ನೊಬ್ಬರು. ಕೋಣೆಯ ಗೆಳತಿಯಂತೂ, ಹಿಮದ ಬೆಟ್ಟ ಹಿಂದೆ, ಮಕ್ಕಳು ಮುಂದೆ, ನಡುವೆ ನಾನು—ಇಂಥ ಭಾವಚಿತ್ರವನ್ನು ಮೊದಲ ದಿನವೇ ಕಳುಹಿಸಬೇಕೆಂದು ಮಾತು ತೆಗೆದುಕೊಂಡಳು. ಪ್ರವಾಸವನ್ನು ಏರ್ಪಡಿಸಿದ ಸಂಸ್ಥೆಯವರು ಎರಡು ಹಾಳೆಯ ಪಟ್ಟಿಯೊಂದನ್ನು ಕಳುಹಿಸಿದರು. ಟಾರ್ಚು, ಮಳೆಯಂಗಿ, ಜಿಗಣೆಗೆ ಉಪ್ಪು, ಮಕ್ಕಳಿಗೆ ಹಂಚಲು ಪೆನ್ಸಿಲು, ಮಿಠಾಯಿ, ಎಲ್ಲವೂ ಅದರಲ್ಲಿತ್ತು. ಆ ಮಕ್ಕಳು ಮನೆಯಲ್ಲಿ ಆಡುವ ಭಾಷೆ ಯಾವುದು, ಲೆಕ್ಕದಲ್ಲಿ ಎಷ್ಟನೆಯ ಪಾಠದಲ್ಲಿದ್ದಾರೆ, ನಾನು ಹಿಂದಿರುಗಿದ ಮರುದಿನ ಅವರ ಮುಂದೆ ನಿಲ್ಲುವವರು ಯಾರು—ಇವು ಮಾತ್ರ ಇರಲಿಲ್ಲ.

ಗಂಟು ಕಟ್ಟುವುದು ಒಂದು ಸಂಜೆಯ ಕೆಲಸ. ನೇಪಾಳಕ್ಕೆ ಹೋಗಲು ನಮಗೆ ವೀಸಾ ಸಹ ಬೇಕಿಲ್ಲ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟನ್ನೋ ಚುನಾವಣಾ ಆಯೋಗದ ಗುರುತಿನ ಚೀಟಿಯನ್ನೋ ತೋರಿಸಿದರಾಯಿತು. ನನ್ನ ವಯಸ್ಸಿನವರಿಗೆ ಆಧಾರ್ ಚೀಟಿ ನಡೆಯುವುದಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು. ನಾನು ಸಿದ್ಧತೆ ಎನ್ನುವುದು ಇದನ್ನಲ್ಲ. ಪಟ್ಟಿಯಲ್ಲಿ ಇಲ್ಲದಿದ್ದ ಆ ಮೂರು ಸಂಗತಿಗಳೇ ನಿಜವಾದ ಸಿದ್ಧತೆಯೆಂದೂ, ಅವನ್ನು ತಿಳಿಯದೆ ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ, ಆ ಶಾಲೆಗೆ ಸ್ವಲ್ಪ ಕೇಡನ್ನೂ ಹೊತ್ತುಕೊಂಡೇ ಹೋಗುತ್ತಾರೆಂದೂ ನನ್ನ ಅಭಿಪ್ರಾಯ. ಇದು ಕಟುವಾಗಿ ಕಂಡೀತು. ಆದರೆ ಇದನ್ನು ನಾನು ಪುಸ್ತಕದಿಂದ ತೆಗೆದು ಹೇಳುತ್ತಿಲ್ಲ.

ನಮ್ಮೂರು ಸಕಲೇಶಪುರದ ಕಡೆಯದು. ಶಾಲೆಯಲ್ಲಿ ಐದು ತರಗತಿ, ಮೂವತ್ತೆಂಟು ಮಕ್ಕಳು, ಒಬ್ಬರೇ ಮೇಷ್ಟ್ರು. ನಾನು ಐದನೆಯ ತರಗತಿಯಲ್ಲಿದ್ದಾಗ ದೂರದ ನಗರವೊಂದರಿಂದ ಮೂವರು ತರುಣ ತರುಣಿಯರು ಇಪ್ಪತ್ತು ದಿನದ ಮಟ್ಟಿಗೆ ನಮಗೆ ಪಾಠ ಹೇಳಲು ಬಂದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಅದರಿಂದ ನಮಗೇನೂ ಬೇಸರವಾಗಲಿಲ್ಲ. ಹಾಡು, ಕುಣಿತ, ಬಣ್ಣದ ಕಾಗದ ಕತ್ತರಿಸುವುದು, ದಿನಕ್ಕೊಂದು ಆಟ. ಅಷ್ಟು ಸಂತೋಷದ ಇಪ್ಪತ್ತು ದಿನಗಳನ್ನು ಆ ಶಾಲೆ ಹಿಂದೆಯೂ ಕಂಡಿರಲಿಕ್ಕಿಲ್ಲ. ಹೊರಡುವ ದಿನ ನಾವು ಅತ್ತೆವು, ಅವರೂ ಅತ್ತರು. ಕಾಗದ ಬರೆಯಿರಿ, ನಾನೂ ಬರೆಯುತ್ತೇನೆ ಎಂದು ಅವರಲ್ಲೊಬ್ಬ ಅಕ್ಕ ಹಲಗೆಯ ಮೇಲೆ ವಿಳಾಸ ಬರೆದರು. ಆ ವಿಳಾಸವನ್ನು ಒಂದು ತಿಂಗಳು ಯಾರೂ ಒರೆಸಲಿಲ್ಲ. ಎಲ್ಲರೂ ಸೇರಿ ಬರೆದ ಕಾಗದ ಹೋಯಿತು. ಅಂಚೆಯವರು ತಿರುವಿನಲ್ಲಿ ಕಂಡರೆ ಗೇಟಿನವರೆಗೆ ಓಡುವುದನ್ನು ನಾವು ಬೇಸಗೆ ರಜೆ ಬರುವ ತನಕ ಬಿಡಲಿಲ್ಲ. ಉತ್ತರ ಬರಲಿಲ್ಲ.

ಅದನ್ನಾದರೂ ಮರೆಯಬಹುದು. ಅವರು ಹೋದ ಮರುದಿನ ಮೇಷ್ಟ್ರು ಎಂದಿನಂತೆ ಒಂದನೆಯ ತರಗತಿಗೆ ಅಕ್ಷರ ಹಾಕಿಕೊಟ್ಟು, ಮೂರನೆಯ ತರಗತಿಗೆ ಮಗ್ಗಿ ಹೇಳಿ ನಮ್ಮ ಬಳಿಗೆ ಬಂದಾಗ, ಮುಂದಿನ ಸಾಲಿನಲ್ಲಿದ್ದ ನಾನು ಎದ್ದುನಿಂತು, “ಆ ಅಕ್ಕನ ಹಾಗೆ ಪಾಠ ಮಾಡಿ ಸಾರ್” ಎಂದೆ. ಮೇಷ್ಟ್ರ ಮುಖ ಹೇಗಾಯಿತೆಂಬುದು ಈಗಲೂ ನನ್ನ ಕಣ್ಣ ಮುಂದಿದೆ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ನಮ್ಮನ್ನು ಕೈಹಿಡಿದು ದಾಟಿಸುತ್ತಿದ್ದವರು ಅವರು. ಇನ್ನೊಂದು ಸಂಗತಿ: ಆ ಇಪ್ಪತ್ತು ದಿನಗಳಲ್ಲಿ ನಮಗೆ ಆಗಬೇಕಾಗಿದ್ದುದು ಭಿನ್ನರಾಶಿಯ ಪಾಠ. ಅದು ಹಾಡು ಕುಣಿತದ ಕೆಳಗೆ ಹೂತುಹೋಯಿತು. ಪರೀಕ್ಷೆ ಹತ್ತಿರ ಬಂದಿದ್ದರಿಂದ ಮೇಷ್ಟ್ರು ಎರಡೇ ದಿನದಲ್ಲಿ ಅದನ್ನು ಓಡಿಸಿದರು. ನಾನು ಗಣಿತವನ್ನು ಬಿಟ್ಟು ಕಲಾ ವಿಭಾಗಕ್ಕೆ ಬರಲು ಕಾರಣ ಸಾಹಿತ್ಯಪ್ರೇಮವೆಂದು ಸಂದರ್ಶನದಲ್ಲಿ ಹೇಳಿದ್ದೆ. ನಿಜವಾದ ಕಾರಣ ಛೇದ ಬೇರೆಬೇರೆಯಾಗಿರುವ ಭಿನ್ನರಾಶಿಗಳು.

ಆ ಮೂವರನ್ನು ನಾನು ದೂರುತ್ತಿಲ್ಲ. ಅವರು ಒಳ್ಳೆಯ ಮನಸ್ಸಿನವರೇ. ಒಳ್ಳೆಯ ಮನಸ್ಸೊಂದಿದ್ದರೆ ಸಾಕು ಎಂದು ಅವರಿಗೆ ಹೇಳಿದವರು ಯಾರೋ, ಅವರನ್ನು ದೂರಬೇಕು.

ಇಂಥ ಪ್ರವಾಸಗಳು ಇಂದು ದೊಡ್ಡ ವ್ಯಾಪಾರವಾಗಿ ಬೆಳೆದಿವೆ. ಹಣ ಕೊಟ್ಟು ಸೇವೆ ಮಾಡುವುದು, ಆ ಹಣದಲ್ಲಿ ಬಹುಪಾಲು ನಡುವಿನವರಿಗೆ ಹೋಗುವುದು—ಇದು ಎಷ್ಟೋ ದೇಶಗಳಲ್ಲಿ ನಡೆದಿದೆ. ಕಾಂಬೋಡಿಯಾದ ಅನಾಥಾಲಯಗಳಲ್ಲಿ ವಾಸಿಸುತ್ತಿದ್ದ ಮಕ್ಕಳಲ್ಲಿ ನಾಲ್ವರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರೆಂದು ಯುನಿಸೆಫ್ ಸಂಸ್ಥೆ ಪ್ರಕಟಿಸಿತು. ನೇಪಾಳದಲ್ಲಿಯೂ ಇಂಥ ಮನೆಗಳು ಹೆಚ್ಚಾಗಿ ಇರುವುದು ಕಾಠ್ಮಂಡು, ಪೋಖರಾಗಳಂತಹ ಪ್ರವಾಸಿಗಳು ಸುಳಿಯುವ ಕಡೆಗಳಲ್ಲಿಯೇ. ಸೇವೆಗೆ ಬರುವವರು ಹೆಚ್ಚಿದಂತೆ ಸೇವೆ ಮಾಡಿಸಿಕೊಳ್ಳಲು ಮಕ್ಕಳನ್ನು ಒದಗಿಸುವವರೂ ಹೆಚ್ಚುತ್ತಾರೆ. ಆದ್ದರಿಂದ ಅನಾಥಾಲಯದ ಕರೆ ಬಂದರೆ ಹೋಗಲೇಬಾರದೆಂದು ನಾನು ಹೇಳುತ್ತೇನೆ. ಮಕ್ಕಳ ನಡುವೆ ಕೆಲಸ ಮಾಡಬಂದವರಿಂದ ಪೊಲೀಸರ ಪರಿಶೀಲನಾ ಪತ್ರವನ್ನು ಕೇಳದ ಶಾಲೆಗೂ ಹೋಗಬಾರದು. ಕೇಳದಿದ್ದರೆ ನಾವಾಗಿಯೇ ಕೊಡಬೇಕು.

ಹಾಗಾದರೆ ಯಾರೂ ಎಲ್ಲಿಗೂ ಹೋಗಬಾರದೆ? 1968ರಲ್ಲಿ ಇವಾನ್ ಇಲ್ಲಿಚ್ ಎಂಬ ಚಿಂತಕ, ಮೆಕ್ಸಿಕೋದ ಹಳ್ಳಿಗಳಲ್ಲಿ ಸೇವೆ ಮಾಡಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು, ನೋಡಲು ಬನ್ನಿ, ಕಲಿಯಲು ಬನ್ನಿ, ಉಪಕಾರ ಮಾಡಲು ಮಾತ್ರ ಬರಬೇಡಿ ಎಂಬ ಅರ್ಥದಲ್ಲಿ ಉಗ್ರವಾಗಿ ಮಾತನಾಡಿದ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೂ ನಾನು ಅವನನ್ನು ಪೂರ್ತಿ ಒಪ್ಪಲಾರೆ. ಹೊರಗಿನಿಂದ ಬಂದು ಚೆನ್ನಾಗಿ ಕೆಲಸ ಮಾಡಿದವರೂ ಇದ್ದಾರೆ. ಬ್ರಿಟನ್ನಿನಲ್ಲಿ 1958ರಲ್ಲಿ ಹೈಸ್ಕೂಲು ಮುಗಿಸಿದ ಹುಡುಗರನ್ನು ಹೊರದೇಶಗಳಿಗೆ ಕಳುಹಿಸಲು ಆರಂಭಿಸಿದ ವಿ.ಎಸ್.ಒ. ಸಂಸ್ಥೆ ಕೆಲವೇ ವರ್ಷಗಳಲ್ಲಿ ಪದವೀಧರರ ಕಡೆಗೂ ಆಮೇಲೆ ಕಸುಬು ಬಲ್ಲವರ ಕಡೆಗೂ ತಿರುಗಿತು. ಅಮೆರಿಕದ ಪೀಸ್ ಕೋರ್ ತರುಣರು 1960ರ ದಶಕದಲ್ಲಿ ಆಗಿನ ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಇದ್ದರು. 1962ರಿಂದ ನೇಪಾಳದ ಶಾಲೆಗಳಲ್ಲಿಯೂ ಇದ್ದರು. ಅವರಲ್ಲಿ ಎಲ್ಲರೂ ಸಾರ್ಥಕ ಕೆಲಸ ಮಾಡಿದರೆಂದು ಹೇಳಲಾರೆ. ಆದರೆ ಅವರ ಅವಧಿ ಎರಡು ವರ್ಷ, ಅದಕ್ಕೆ ಮೊದಲು ತಿಂಗಳುಗಟ್ಟಲೆ ಭಾಷೆಯ ಶಿಕ್ಷಣ. ಅದಕ್ಕೂ ಹಿಂದಕ್ಕೆ ಹೋದರೆ ನಮ್ಮ ಕಿಟ್ಟೆಲ್ ಇದ್ದಾರೆ. ಅವರು ಬಂದ ಉದ್ದೇಶವೇ ಬೇರೆ, ಅದು ಇಲ್ಲಿ ಬೇಡ. 1853ರಲ್ಲಿ ಕನ್ನಡ ನಾಡಿಗೆ ಬಂದ ಆ ಜರ್ಮನ್ ಪಾದ್ರಿಯ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ. ನನ್ನ ಪ್ರವಾಸದ ಅವಧಿ ಆರು ವಾರವೆಂದು ಪಟ್ಟಿಯಲ್ಲಿ ಅಚ್ಚಾಗಿತ್ತು.

ಇನ್ನು ಭಾಷೆಯ ಮಾತು. ನಮ್ಮ ವಿದ್ಯಾರ್ಥಿನಿಲಯದ ಎದುರಿನ ಅಂಗಡಿ ಸಾಲಿಗೆ ರಾತ್ರಿ ಕಾವಲಿರುವ ನೇಪಾಳಿಯೊಬ್ಬರನ್ನು ಊರೆಲ್ಲ ‘ಗೂರ್ಖಾ’ ಎನ್ನುತ್ತದೆ. ಅವರು ಗೋರ್ಖಾ ಜಿಲ್ಲೆಯನ್ನು ಕಂಡೇ ಇಲ್ಲ. ಅವರದು ದೇಶದ ಪಶ್ಚಿಮ ಮೂಲೆಯ ಅಛಾಮ್ ಜಿಲ್ಲೆ. ವಿನೋದವೆಂದರೆ ಗೋರ್ಖಾ ಜಿಲ್ಲೆಗೆ ಹೋಗಬೇಕಾಗಿರುವವಳು ನಾನು. ಬೆಳಗಿನ ಆರು ಗಂಟೆಗೆ ಕಾವಲು ಮುಗಿಸಿ ಅವರು ಗೇಟಿನ ಪಕ್ಕದ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ಅಲ್ಲಿ ಅರ್ಧ ಗಂಟೆ ನನ್ನ ಪಾಠ. ಮೇಲ್ವಿಚಾರಕಿಯವರು ಅನುಮತಿ ಕೊಟ್ಟರು, ಒಂದು ಷರತ್ತಿನ ಮೇಲೆ: ಗೆಳತಿಯೊಬ್ಬಳು ಜೊತೆಗಿರಬೇಕು. ಪಾಪ, ನನ್ನ ಕೋಣೆಯ ಗೆಳತಿ ಆಕಳಿಸುತ್ತ ಆಕಳಿಸುತ್ತ ನನಗಿಂತ ಚೆನ್ನಾಗಿ ನೇಪಾಳಿ ಕಲಿತಿದ್ದಾಳೆ.

ಮೊದಲ ದಿನ ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಹೋಗಿ, “ತಿಮಿ ಹೇಗಿದ್ದೀಯ” ಎಂಬರ್ಥದ ವಾಕ್ಯವನ್ನು ಒಪ್ಪಿಸಿದೆ. ಅವರು ಚಹಾದ ಲೋಟ ಕೆಳಗಿಟ್ಟು ನಕ್ಕರು. “ನನ್ನ ಹೆಂಡತಿಯನ್ನ ನಾನು ಹಂಗೆ ಕರೆಯೋದು, ಬಹಿನಿ.” ಬಹಿನಿ ಎಂದರೆ ತಂಗಿ. ದೊಡ್ಡವರಿಗೆ ‘ತಪಾಈಂ’ ಎನ್ನಬೇಕು, ಮಕ್ಕಳಿಗೆ ‘ತಿಮಿ’ ಸಾಕು, ‘ತಂ’ ಎನ್ನುವುದು ಜಗಳಕ್ಕೆ ಅಥವಾ ತೀರ ಸಲಿಗೆಗೆ. ನೀನು, ನೀವು, ತಾವುಗಳ ನಡುವೆ ಬೆಳೆದ ನಮಗೆ ಇದು ಕಷ್ಟವಲ್ಲ. ಅಂದಿನಿಂದ ನಾನೂ ಅವರನ್ನು ‘ದಾಜು’ ಎಂದೆ, ಎಂದರೆ ಅಣ್ಣ.

ನೇಪಾಳಿಯ ಲಿಪಿ ದೇವನಾಗರಿಯಾದ್ದರಿಂದ ಶಾಲೆಯಲ್ಲಿ ಕಲಿತ ಹಿಂದಿ ಸಾಕೆಂದು ತಿಳಿದಿದ್ದೆ. ಲಿಪಿಗೆ ಸಾಕಾಯಿತು, ಮಾತಿಗೆ ಸಾಲಲಿಲ್ಲ. ಆದರೆ ಹಿಂದಿ ಕೈಕೊಟ್ಟ ಕಡೆ ಕನ್ನಡ ಕೈಹಿಡಿದದ್ದುಂಟು. ನಾವು ‘ಎರಡು ಪುಸ್ತಕ’ ಎನ್ನುತ್ತೇವೆ, ‘ಎರಡು ಹುಡುಗರು’ ಎನ್ನುವುದಿಲ್ಲ, ‘ಇಬ್ಬರು ಹುಡುಗರು’ ಎನ್ನುತ್ತೇವೆ. ಹಿಂದಿಯಲ್ಲಿ ಈ ಭೇದವಿಲ್ಲ. ನೇಪಾಳಿಯಲ್ಲಿ ಇದೆ! ಪುಸ್ತಕವಾದರೆ ‘ದುಇಟಾ’, ಮನುಷ್ಯರಾದರೆ ‘ದುಈ ಜನಾ’. ಇದು ತಿಳಿದ ದಿನ ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ನೇಪಾಳ ಸರ್ಕಾರದ ಪಠ್ಯಪುಸ್ತಕಗಳು ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಆರನೆಯ ತರಗತಿಯ ಗಣಿತವನ್ನು ಇಳಿಸಿಕೊಂಡು ಅಚ್ಚು ಹಾಕಿಸಿದೆ. ತ್ರಿಭುಜ ತ್ರಿಭುಜವೇ, ವೃತ್ತ ವೃತ್ತವೇ. ನಮ್ಮ ಕೋನ ಅಲ್ಲಿ ‘ಕೋಣ್’ ಆಗಿದೆ, ಎಮ್ಮೆಯ ಜೊತೆಗಾರನಲ್ಲ. ಭಿನ್ನರಾಶಿ ‘ಭಿನ್ನ’; ಅಂಶ ಅಂಶವೇ, ಛೇದ ಮಾತ್ರ ‘ಹರ’. ಈ ಹತ್ತಿಪ್ಪತ್ತು ಪದಗಳನ್ನು ಕಲಿಯಲು ಒಂದು ವಾರ ಸಾಕು. ಇವನ್ನೂ ಕಲಿಯದೆ ಹೋಗಿ ಆ ಮಕ್ಕಳ ಮುಂದೆ ಇಂಗ್ಲಿಷಿನಲ್ಲಿ ಮಾತನಾಡುವುದಾದರೆ, ಪರದೇಶದ ಮಾತು ಕೇಳಿಸಿದ್ದೇ ಸೇವೆಯಾಯಿತು, ಅಷ್ಟೆ.

ಆದರೆ ದಾಜು ಕಲಿಸಿದ ಅತಿ ಮುಖ್ಯ ಪಾಠ ಪದಗಳದ್ದಲ್ಲ. ‘ಬುಝ್ಯೌ?’ ಎಂದರೆ ಅರ್ಥವಾಯಿತೇ ಎಂದು. ಅದನ್ನು ನಾನು ನಾಲ್ಕು ಸಲ ಹೇಳಿ ಅಭ್ಯಾಸ ಮಾಡುತ್ತಿದ್ದಾಗ ಅವರು ತಡೆದರು. “ಹೊಸಬರು ಕೇಳಿದರೆ ನಮ್ಮ ಮಕ್ಕಳು ಏನು ಕೇಳಿದರೂ ‘ಬುಝೇಂ’ ಅಂತಾರೆ. ಅರ್ಥ ಆಗಿರಲ್ಲ. ನೀವು ‘ಬುಝಿನ’ ಅನ್ನೋದನ್ನ ಅವರ ಬಾಯಿಂದ ಹೇಳಿಸಬೇಕು.” ಬುಝಿನ ಎಂದರೆ ನನಗೆ ಅರ್ಥವಾಗಲಿಲ್ಲ. ಬೋಧನ ಕ್ರಮದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಕೇಳಿಲ್ಲ. ದಾಜು ಎಂಟನೆಯ ತರಗತಿಗೆ ಶಾಲೆ ಬಿಟ್ಟವರು.

ಒಂದು ದಿನ ಅವರು, “ಕತಿ ದಿನ?” ಎಂದರು. ಎಷ್ಟು ದಿನಕ್ಕೆ ಹೋಗುತ್ತೀರಿ ಎಂದು. ಆರು ವಾರ ಎಂದೆ. ಅವರು ಬೆರಳು ಮಡಿಸಿ ಏನನ್ನೋ ಎಣಿಸಿದರು. ನಂತರ ನಿಧಾನವಾಗಿ, ಅರ್ಧ ಕನ್ನಡದಲ್ಲಿ ಅರ್ಧ ನೇಪಾಳಿಯಲ್ಲಿ ಹೇಳಿದರು. ಅವರು ಹೋದ ಸಲ ಊರಿಗೆ ಹೋದದ್ದು ಎರಡು ವರ್ಷದ ಮೇಲೆ, ಆರು ವಾರದ ರಜೆಗೆ. ಮೊದಲ ಎರಡು ವಾರ ಮಗಳು ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳಂತೆ. ಮೂರನೆಯ ವಾರ ಹತ್ತಿರ ಬಂದಳು. ಐದನೆಯ ವಾರ ತನ್ನ ಲೆಕ್ಕದ ಪುಸ್ತಕ ತಂದು ಮಡಿಲಲ್ಲಿಟ್ಟಳು. “ಆರನೇ ವಾರ ನಾನು ಬಸ್ ಹತ್ತಿದೆ.” ಅಷ್ಟು ಹೇಳಿ ಚಹಾದ ದುಡ್ಡು ಕೊಟ್ಟು ಹೊರಟುಹೋದರು. ಅವತ್ತು ನನಗೆ ಪಾಠವಾಗಲಿಲ್ಲ. ತಂದೆಯೇ ಆದವನಿಗೆ ಸಾಲದ ಆರು ವಾರ ನನಗೆ ಹೇಗೆ ಸಾಕಾಗುತ್ತದೆ ಎಂದು ಕೂತೆ.

ಆಮೇಲೆ ನಾನು ಮಾಡಿದ್ದು ಮೊದಲೇ ಮಾಡಬೇಕಾಗಿದ್ದ ಕೆಲಸ. ಸಂಸ್ಥೆಯವರನ್ನು ಮೂರು ಬಾರಿ ಕೇಳಿ ಆ ಶಾಲೆಯ ಮುಖ್ಯೋಪಾಧ್ಯಾಯರ ವಿಳಾಸ ಪಡೆದು ನೇರವಾಗಿ ಪತ್ರ ಬರೆದೆ: ನಾನು ಬರುವುದು ನಿಮಗೆ ಬೇಕೆ, ಬೇಕಾದರೆ ಯಾವಾಗ, ಯಾವ ಕೆಲಸಕ್ಕೆ? ಹತ್ತು ದಿನದ ಮೇಲೆ ಉತ್ತರ ಬಂತು. ಅದನ್ನು ಓದಿ ನಾಚಿಕೆಯಾಯಿತು. ನನ್ನ ಪ್ರಯಾಣ ಗೊತ್ತಾಗಿದ್ದುದು ಜೂನ್ ಕೊನೆಯ ವಾರಕ್ಕೆ. ಅದು ಅವರ ಆಷಾಢ ಮಾಸದ ನಡುಭಾಗ. ಆಷಾಢ 15 ಅವರಿಗೆ ಭತ್ತದ ನಾಟಿಯ ಹಬ್ಬ. ಮಕ್ಕಳೆಲ್ಲ ಗದ್ದೆಯಲ್ಲಿರುತ್ತಾರೆ, ಅದರ ಬೆನ್ನಿಗೇ ಮಳೆಗಾಲದ ರಜೆ. ಮಲೆನಾಡಿನಲ್ಲಿ ಹುಟ್ಟಿದ ನನಗೆ ನಾಟಿಯ ಕಾಲ ಹೊಳೆಯಲಿಲ್ಲವಲ್ಲ! ಬೀಗ ಹಾಕಿದ ಶಾಲೆಯ ಮುಂದೆ ಪೆನ್ಸಿಲಿನ ಗಂಟು ಹಿಡಿದು ನಿಲ್ಲುತ್ತಿದ್ದೆ.

ಭಾದ್ರದಲ್ಲಿ, ಎಂದರೆ ಆಗಸ್ಟ್ ನಡುವಿನಿಂದ, ಬರಬಹುದೆಂದು ಅವರು ಬರೆದಿದ್ದರು. ಇಂಗ್ಲಿಷ್ ಹಾಡು ಬೇಡ, ಅದಕ್ಕೆ ಬರುವವರು ಬಹಳ. ಗಣಿತಕ್ಕೆ ಒಬ್ಬ ಉಪಾಧ್ಯಾಯರಿದ್ದಾರೆ, ಒಳ್ಳೆಯವರು. ಆದರೆ ಆರನೆಯ ತರಗತಿಯಲ್ಲಿ ಹಿಂದೆ ಬಿದ್ದ ಹದಿನೈದು ಮಕ್ಕಳ ಪಕ್ಕದಲ್ಲಿ ಕೂತುಕೊಳ್ಳಲು ಅವರಿಗೆ ಪುರುಸೊತ್ತಿಲ್ಲ. ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಗುರುಂಗ್ ಭಾಷೆ ಆಡುವವರು. ನೇಪಾಳಿಯೇ ಅವರಿಗೆ ಶಾಲೆಯ ಭಾಷೆ. (2021ರ ಜನಗಣತಿಯಲ್ಲಿ ನೇಪಾಳದಲ್ಲಿ 124 ಮಾತೃಭಾಷೆಗಳು ದಾಖಲಾದುವು, ನೇಪಾಳಿ ಮಾತೃಭಾಷೆಯಾಗಿರುವವರು ನೂರಕ್ಕೆ ನಲವತ್ತೈದರಷ್ಟು ಮಾತ್ರ.) 2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ ಅವರ ಜಿಲ್ಲೆಯಲ್ಲಿಯೇ ಇತ್ತೆಂದೂ, ಆಗ ಬಂದ ಸ್ವಯಂಸೇವಕರು ಕಲ್ಲು ಹೊತ್ತದ್ದನ್ನು ಊರು ಮರೆತಿಲ್ಲವೆಂದೂ ಬರೆದಿದ್ದರು. ಕೊನೆಯಲ್ಲಿ, ಆ ಹದಿನೈದು ಮಕ್ಕಳಿಗೆ ಕಠಿಣವಾಗಿರುವ ಪಾಠ ಭಿನ್ನ ಎಂದಿತ್ತು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೆಟ್ಟಗೆ ಊರಿಗೆ ಹೋದೆ. ಮೇಷ್ಟ್ರು ನಿವೃತ್ತರಾಗಿ ಕಾಫಿಯ ನಾಲ್ಕು ಗಿಡ ನೋಡಿಕೊಂಡಿದ್ದಾರೆ. “ಮೇಷ್ಟ್ರೇ, ನನಗೆ ಭಿನ್ನರಾಶಿ ಹೇಳಿಕೊಡಿ” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈಗೇನೇ, ಬಿ.ಎ. ಆದ ಮೇಲೆ?” ಎಂದರು. ವಿಷಯವನ್ನೆಲ್ಲ ಹೇಳಿದೆ. ಐದನೆಯ ತರಗತಿಯ ಆ ಮಾತನ್ನೂ ಹೇಳಿದೆ. “ಅದೆಲ್ಲ ನೆನಪಿಟ್ಟುಕೊಂಡಿದ್ದೀಯಾ? ನನಗೆ ನೆನಪಿರೋದು ಇಷ್ಟೇ, ಅವರು ಹೋದ ಮೇಲೆ ಒಂದು ತಿಂಗಳು ನಿಮ್ಮನ್ನ ಮಣೆ ಮೇಲೆ ಕೂರಿಸೋದೇ ಕಷ್ಟವಾಯ್ತು” ಎಂದು ಒಳಗೆ ಹೋಗಿ ಪಾವು, ಅಚ್ಚೇರು, ಸೇರುಗಳನ್ನು ತಂದರು. ಜೊತೆಗೆ ಒಂದು ಮೊರ ಭತ್ತ. ನಾಲ್ಕು ಪಾವು ಒಂದು ಸೇರು, ಎರಡು ಪಾವು ಅಚ್ಚೇರು. ಅರ್ಧಕ್ಕೆ ಕಾಲು ಸೇರಿಸುವುದೆಂದರೆ ಅಚ್ಚೇರಿಗೆ ಒಂದು ಪಾವು ಸುರಿಯುವುದು. ಆದರೆ ಲೆಕ್ಕ ಹೇಳಬೇಕಾದರೆ ಅಚ್ಚೇರನ್ನು ಮೊದಲು ಎರಡು ಪಾವು ಎಂದು ಕಾಣಬೇಕು. ಛೇದ ಒಂದು ಮಾಡುವುದು ಎಂದರೆ ಇದೇ! ಹತ್ತು ವರ್ಷ ನನ್ನನ್ನು ಹೆದರಿಸಿದ್ದ ವಸ್ತು ಮೊರದ ಮೇಲೆ ಹತ್ತು ನಿಮಿಷದಲ್ಲಿ ಚದುರಿ ಬಿತ್ತು.

ದಾಜುವಿಗೆ ಇದನ್ನು ಹೇಳಿದಾಗ ಅವರು ತಮ್ಮ ಕಡೆಯ ಅಳತೆ ಹೇಳಿದರು. ಎಂಟು ಮಾನಾ ಒಂದು ಪಾಥಿ, ಇಪ್ಪತ್ತು ಪಾಥಿ ಒಂದು ಮುರಿ. ನಮ್ಮಲ್ಲಿ ಇಪ್ಪತ್ತು ಕೊಳಗ ಒಂದು ಖಂಡುಗ. ಬೆಟ್ಟದ ಮನೆಗಳಲ್ಲಿ ಮಾನಾ, ಪಾಥಿಗಳು ಇನ್ನೂ ಇರುತ್ತವೆ ಎಂದರು. ಹಾಗಾದರೆ ಎಂಟನೆಯ ಒಂದು ಭಾಗವೆಂದರೇನೆಂದು ಆ ಮಕ್ಕಳಿಗೆ ಅವರ ಅಡಿಗೆಮನೆಯಲ್ಲಿಯೇ ಗೊತ್ತಿದೆ. ಪುಸ್ತಕಕ್ಕೆ ಅದು ಗೊತ್ತಿಲ್ಲ, ಅಷ್ಟೆ.

ಈಗ ನನ್ನ ನಿರ್ಧಾರ ಹೀಗಿದೆ. ಸಂಸ್ಥೆಯ ಪ್ರವಾಸವನ್ನು ಕೈಬಿಟ್ಟಿದ್ದೇನೆ. ಅವರಿಗೆ ಕಟ್ಟಬೇಕಾಗಿದ್ದ ಹಣದಲ್ಲಿ ಹಳ್ಳಿಯ ಮನೆಯೊಂದರಲ್ಲಿ ಆರು ತಿಂಗಳ ಊಟ ವಸತಿ ಕಳೆಯುತ್ತದೆಂದು ಮುಖ್ಯೋಪಾಧ್ಯಾಯರು ಲೆಕ್ಕ ಹಾಕಿ ತಿಳಿಸಿದ್ದಾರೆ. ಭಾದ್ರದಲ್ಲಿ ಹೋಗಿ, ದಶೈಂ, ತಿಹಾರ್ ಹಬ್ಬಗಳ ರಜೆಗೆ ಬಂದು, ಮತ್ತೆ ಹೋಗಿ, ಅವರ ಶಾಲೆಯ ವರ್ಷ ಮುಗಿಯುವ ಚೈತ್ರದವರೆಗೆ ಇರಬೇಕು. ಮೊದಲ ತಿಂಗಳು ಆ ಗಣಿತದ ಉಪಾಧ್ಯಾಯರ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಹಲಗೆಯ ಮುಂದೆ ಅವರೇ ನಿಲ್ಲಲಿ, ನಾನು ಹದಿನೈದು ಮಕ್ಕಳ ಪಕ್ಕದಲ್ಲಿ. ನಾನು ಹೊರಟ ಮರುದಿನ ಯಾರೂ ಅವರಿಗೆ “ಆ ದೀದಿಯ ಹಾಗೆ ಪಾಠ ಮಾಡಿ” ಎನ್ನಬಾರದು.

ಇದಕ್ಕಾಗಿ ಬಿ.ಎಡ್. ಒಂದು ವರ್ಷ ಹಿಂದೆ ಬೀಳುತ್ತದೆ. ತೋಟದ ರೈಟರಾಗಿರುವ ನನ್ನ ಅಪ್ಪ ಆರು ವಾರಕ್ಕೆ ಹೂಂ ಎಂದಿದ್ದವರು, ಚೈತ್ರದವರೆಗೆ ಎಂದ ಮೇಲೆ ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಅವರ ಭಯ ಅನ್ಯಾಯದ್ದಲ್ಲ. ಆರೇ ವಾರಕ್ಕಾದರೆ ಹೋಗು ಎಂದು ಅವರು ಕೊನೆಗೆ ಹೇಳಿದರೆ ನಾನು ಹೋಗುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿಯೇ ಒಬ್ಬರೇ ಮೇಷ್ಟ್ರಿರುವ ಶಾಲೆಯೊಂದನ್ನು ಹುಡುಕಿ, ಅವರು ಒಪ್ಪಿದರೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಹಟಮಾರಿ ಎನ್ನುವವರು ಎನ್ನಲಿ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಅಪ್ಪನ ಉತ್ತರ ಬಂದಿರಬಹುದು. ಅಷ್ಟರಲ್ಲಿ ಸಹಪಾಠಿಗಳಲ್ಲಿ ಒಂದು ಬಿನ್ನಹವಿದೆ. ಮೇಷ್ಟ್ರ ಸೇರನ್ನು ಕೇಳಲು ನನಗೆ ಮನಸ್ಸಿಲ್ಲ. ಅವರ ಮನೆಯಲ್ಲಿ ಅದರಿಂದಲೇ ಇನ್ನೂ ಅಕ್ಕಿ ಅಳೆಯುತ್ತಾರೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಪಾವು, ಅಚ್ಚೇರು, ಸೇರು ಸುಮ್ಮನೆ ಬಿದ್ದಿದ್ದರೆ ಆಗಸ್ಟಿನೊಳಗೆ ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯಲ್ಲಿ ನನಗೆಂದು ಹೇಳಿ ಇಟ್ಟುಹೋಗಿ. ಕಂಠ ಸೀಳಿದ್ದರೂ ಪರವಾಗಿಲ್ಲ, ತಳ ಮಾತ್ರ ತೂತಾಗಿರಬಾರದು.